ಬಳಕೆಯಲ್ಲಿಲ್ಲದ ಬಾವಿ

ನಮ್ಮ ಓಣಿಯ ಶುದ್ಧ ಕುಡಿಯುವ ನೀರಿನ ಘಟಕದ ಗೋಡೆಗೆ ಒಂದು ಕರಿಕಲ್ಲಿನ ಫಲಕ ಕೂಡಿಸಿದ್ದಾರೆ. ಅದರ ಮೇಲಿನ ನಾಲ್ಕು ಸಾಲು ನಾನು ಬರೆದುಕೊಟ್ಟದ್ದು. ‘ಕರುಣೆಯೇ ಮೈವೆತ್ತಂತಿದ್ದ ಮಹಾತಾಯಿ, ಸಕಲ ಜೀವಿಗಳ ದಾಹ ತಣಿಸಿದ ಪುಣ್ಯವತಿ’ ಎಂದು ಶುರುವಾಗುತ್ತದೆ. ಅದರಲ್ಲಿ ಅವಳ ಹೆಸರೊಂದೇ ನಿಜ. ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಕಲ್ಲಿನಲ್ಲಿ ಕೆತ್ತಿಸಿ ಬಂಗಾರದ ಬಣ್ಣ ತುಂಬಿದ್ದಾರೆ, ಅಷ್ಟು ಸಾಕು.

ಓಣಿಗೆಲ್ಲ ಅವಳು ಆಯಿ. ಅವಳ ಮಕ್ಕಳು ಮರಾಠಿಯವರ ಹಾಗೆ ತಾಯಿಯನ್ನು ಆಯಿ ಅನ್ನುತ್ತಿದ್ದರು, ಅದನ್ನು ಕೇಳಿ ನಾವೂ ಅಂದೆವು. ಚಿಕ್ಕೋಡಿ ಮತ್ತು ನಿಪ್ಪಾಣಿಯ ನಡುವೆ ಇರುವ ನಮ್ಮಂಥ ಊರುಗಳಲ್ಲಿ ಜಗಳ ಕನ್ನಡದಲ್ಲಿ ಶುರುವಾಗಿ ಮರಾಠಿಯಲ್ಲಿ ಮುಗಿಯುತ್ತದೆ, ಹೆಸರುಗಳಿಗೆ ಯಾರು ತಕರಾರು ಮಾಡುತ್ತಾರೆ? ಅವಳದು ಜೈನರ ಮನೆ, ನಮ್ಮದು ಪಕ್ಕದ ಒಕ್ಕಲಿಗರ ಮನೆ. ಎರಡು ಮನೆಗಳ ನಡುವೆ ಕಲ್ಲುಕಟ್ಟೆಯ ಒಂದು ಬಾವಿ. ನನ್ನ ಬಾಲ್ಯದ ಅರ್ಧ ಆ ಕಟ್ಟೆಯ ಮೇಲೆಯೇ ಕಳೆಯಿತು. ಈಗ ಆ ಘಟಕ ನಿಂತಿರುವುದು ಸರಿಯಾಗಿ ಆ ಬಾವಿಯ ನೆತ್ತಿಯ ಮೇಲೆ.

ಆಯಿ ಕುಡಿಯುವ ನೀರನ್ನು ಸೋಸುತ್ತಿದ್ದಳು. ಜೈನರ ಮನೆಗಳಲ್ಲಿ ಎಲ್ಲರೂ ಸೋಸುತ್ತಾರೆ, ಅದೇನೂ ದೊಡ್ಡ ಮಾತಲ್ಲ. ನನಗೆ ಸೋಜಿಗವಾಗಿ ಕಂಡದ್ದು ಅದರ ಮುಂದಿನ ಕೆಲಸ. ಕೊಡದ ಬಾಯಿಗೆ ದಪ್ಪ ಅರಿವೆಯನ್ನು ಎರಡು ಪದರು ಮಾಡಿ ಹೊದಿಸಿ ನೀರು ಸುರಿಯುವುದು. ನೀರು ಕೆಳಗಿಳಿದ ಮೇಲೆ ಆ ಅರಿವೆಯನ್ನು ಹಿಂಡದೆ ಮೆಲ್ಲಗೆ ತಿರುವಿ ಹಾಕಿ, ಸೋಸಿದ ನೀರನ್ನೇ ಅದರ ಮೇಲೆ ಒಂದಿಷ್ಟು ಸುರಿದು, ಅದರಲ್ಲಿ ಸಿಕ್ಕ ಜೀವಗಳನ್ನು ಒಂದು ಸಣ್ಣ ಹಿತ್ತಾಳೆ ಬಿಂದಿಗೆಗೆ ಇಳಿಸುವುದು. ಆಮೇಲೆ ಆ ಬಿಂದಿಗೆಯನ್ನು ಒಯ್ದು, ಯಾವ ಬಾವಿಯ ನೀರೋ ಆ ಬಾವಿಗೇ ಬಿಟ್ಟು ಬರುವುದು.

ಬಿಡುವುದು ಎಂದರೆ ಮೇಲಿನಿಂದ ಸುರಿಯುವುದಲ್ಲ. ಬಿಂದಿಗೆಯ ತಳದಲ್ಲಿ ಒಂದು ಕೊಂಡಿ ಇತ್ತು. ಒಂದು ಹಗ್ಗ ಬಿಂದಿಗೆಯ ಕಂಠಕ್ಕೆ, ಇನ್ನೊಂದು ತಳದ ಕೊಂಡಿಗೆ. ಕಂಠದ ಹಗ್ಗ ಹಿಡಿದು ಆಯಿ ನಿಧಾನಕ್ಕೆ ಇಳಿಸುತ್ತಿದ್ದಳು. ಬಿಂದಿಗೆ ನೀರು ಮುಟ್ಟಿದ ಮೇಲೆ ತಳದ ಹಗ್ಗ ಎಳೆಯುವ ಹಕ್ಕು ನನ್ನದು. ಎಳೆದರೆ ಬಿಂದಿಗೆ ಸದ್ದಿಲ್ಲದೆ ಬಾಗಿ ಬರಿದಾಗುತ್ತಿತ್ತು.

“ಆಯಿ, ಇಲ್ಲಿಂದನ ಒಗದ್ರ ಏನಾಕ್ಕೈತಿ?” ಎಂದು ಒಮ್ಮೆ ಕೇಳಿದೆ.

“ನಿನ್ನ ಮಾಳಗಿ ಮ್ಯಾಲಿಂದ ಒಗದ್ರ ನಿಂಗ ಏನಾಕ್ಕೈತಿ? ಅವಕ್ಕೂ ಪೆಟ್ಟ ಹತ್ತತೈತಿಲ್ಲೋ.”

“ಖರೇ ಅದರಾಗ ಏನರ ಅದಾವನ? ನಂಗೇನೂ ಕಾಣವಲ್ವು.”

“ಕಾಣಲಿಲ್ಲಂದ್ರ ಇಲ್ಲ ಅಂತಲ್ಲ, ಯಾಕಪ್ಪಾ.”

ನನಗೆ ಅವಳಿಟ್ಟ ಹೆಸರು ಯಾಕಪ್ಪ. ಬಾಯಿ ತೆರೆದರೆ ‘ಯಾಕ’ ಅನ್ನುತ್ತಿದ್ದುದಕ್ಕೆ ಆ ಬಿರುದು. ನಮ್ಮಪ್ಪನ ಹತ್ತಿರ ಎರಡು ‘ಯಾಕ’ ಕೇಳಿದರೆ ಮೂರನೆಯದಕ್ಕೆ ಕಪಾಳಮೋಕ್ಷವಾಗುತ್ತಿತ್ತು. ಶಾಲೆಯ ಮಾಸ್ತರರು ‘ಪರೀಕ್ಷೆಗೆ ಬರೂದಿಲ್ಲ ಕುಂಡ್ರು’ ಅನ್ನುತ್ತಿದ್ದರು. ಆಯಿ ಮಾತ್ರ, “ನಂಗೂ ಗೊತ್ತಿಲ್ಲ. ಬಘೂಯಾ, ನೋಡೂಣು” ಅಂದು ನಿಜವಾಗಿಯೂ ಕೈಯಲ್ಲಿದ್ದ ಕೆಲಸ ಬಿಟ್ಟು ನೋಡಲು ಕೂರುತ್ತಿದ್ದಳು. ಬಿಸಿಲಲ್ಲಿಟ್ಟ ಮಣ್ಣಿನ ಗಡಿಗೆ ಹೊರಗೆ ಯಾಕೆ ಬೆವರುತ್ತದೆ? ಇರುವೆಗಳು ಎದುರಾದಾಗ ಮೂತಿ ಮುಟ್ಟಿಸಿ ಏನು ಹೇಳಿಕೊಳ್ಳುತ್ತವೆ? ಬಾವಿಯಲ್ಲಿ ಕೂಗಿದರೆ ತಿರುಗಿ ಕೂಗುವವರು ಯಾರು? ಇದಕ್ಕೆ ಮಾತ್ರ ಅವಳ ಹತ್ತಿರ ಉತ್ತರ ಸಿದ್ಧವಿತ್ತು. “ಮತ್ತ್ಯಾರ, ನಾವು ಬಿಟ್ಟವ್ರನ.”

ಜೈನರ ಪದ್ಧತಿಯಂತೆ ಆಯಿ ಹೊತ್ತು ಮುಳುಗಿದ ಮೇಲೆ ಉಣ್ಣುತ್ತಿರಲಿಲ್ಲ. ಅವಳ ಮನೆಯಲ್ಲಿ ಗಡಿಯಾರವಿತ್ತು, ಆದರೆ ಅದನ್ನವಳು ನಂಬುತ್ತಿರಲಿಲ್ಲ. ನಮ್ಮ ಅಂಗಳದ ಬೇವಿನ ಮರದ ನೆರಳು ಸಂಜೆ ಹೊತ್ತು ಅವಳ ಮನೆಯ ಗೋಡೆ ಹತ್ತುತ್ತಿತ್ತು. ಅದು ಗೋಡೆ ಮುಟ್ಟಿತೆಂದರೆ ಊಟಕ್ಕೆ ಕೂರುವ ಹೊತ್ತು. ನೆರಳು ಬೀಳುವ ಜಾಗ ತಿಂಗಳಿಂದ ತಿಂಗಳಿಗೆ ಸರಿಯುತ್ತದೆ ಎಂದು ಮೊದಲು ಕಂಡದ್ದು ನನಗೆ. ಬೇಸಿಗೆಯಲ್ಲಿ ಗೋಡೆಯ ದಕ್ಷಿಣದ ತುದಿಗೆ, ಚಳಿಗಾಲದಲ್ಲಿ ಉತ್ತರದ ತುದಿಗೆ. ಯಾಕೆ ಎಂದು ಕೇಳಿದ್ದಕ್ಕೆ ಆಯಿ ಒಲೆಯಿಂದ ಇದ್ದಿಲು ತಂದು ಕೈಗೆ ಕೊಟ್ಟು, “ಪ್ರತಿ ಅಮಾಸಿಗೆ ಒಂದ ಗೆರಿ ಹೊಡಿ. ವರ್ಷ ಆಗ್ಲಿ, ಆಮ್ಯಾಲ ಕೇಳೂವಂತಿ” ಅಂದಳು. ಒಂದು ವರ್ಷ ಗೆರೆ ಎಳೆದೆ. ಮುಂದೆ ಕಾಲೇಜಿನಲ್ಲಿ ಭೂಮಿ ಓರೆಯಾಗಿ ತಿರುಗುತ್ತದೆ ಎಂದು ಓದಿದಾಗ ನನಗೆ ಹೊಸತೇನೂ ಅನ್ನಿಸಲಿಲ್ಲ. ನಾನು ಅದನ್ನು ಆಯಿಯ ಗೋಡೆಯ ಮೇಲೆ ನೋಡಿಯಾಗಿತ್ತು. ಆ ಬೇವು ಈಗಿಲ್ಲ. ಅದು ಬೇರೆ ಕಥೆ, ಅದರಲ್ಲೂ ನಾನಿದ್ದೇನೆ.

ಇಷ್ಟು ಹೇಳಿದರೆ ಆಯಿ ದೇವತೆಯಾಗಿಬಿಡುತ್ತಾಳೆ, ಫಲಕದ ಮೇಲಿನ ಆಯಿ ಆಗುತ್ತಾಳೆ. ಅವಳೇನೂ ದೇವತೆಯಲ್ಲ. ಕಣ್ಣಿಗೆ ಕಾಣದ ಹುಳದ ಮೇಲಿದ್ದ ಅಂತಃಕರಣ ಕಣ್ಣೆದುರಿಗಿದ್ದ ಸೊಸೆಯ ಮೇಲೆ ಇರಲಿಲ್ಲ. ಅವಳ ಮಗ ನನಗಿಂತ ನಾಲ್ಕು ವರ್ಷ ದೊಡ್ಡವನು, ಅವನ ಹೆಂಡತಿಯನ್ನು ನಾನು ವೈನಿ ಅನ್ನುತ್ತೇನೆ. ವೈನಿ ಅಥಣಿ ಕಡೆಯ ತೆಲಸಂಗದವಳು, ಮಳೆಯನ್ನೇ ನಂಬಿದ ಊರು. ಮದುವೆಯಾಗಿ ಬಂದ ಹೊಸತರಲ್ಲಿ ಒಂದು ಮುಂಜಾನೆ ಅವಳು ಸೋಸುವ ಅರಿವೆಯನ್ನು ಗಟ್ಟಿಯಾಗಿ ಹಿಂಡಿ ಹಗ್ಗದ ಮೇಲೆ ಒಣಹಾಕಿದಳು. ಯಾರಾದರೂ ಮಾಡುವ ಕೆಲಸವೇ. ಆಯಿ ಅದನ್ನು ಕಂಡು ಬಾವಿಕಟ್ಟೆಯ ಮೇಲೆ, ನೀರಿಗೆ ಬಂದ ಹೆಂಗಸರ ಎದುರಿಗೆ, “ಕೊಲಿ ಮಾಡಿದೆಲ್ಲ ಬೇ! ಕೈ ಹೆಂಗ ಬಂತ ನಿಂಗ? ನಿಮ್ಮವ್ವ ಇದನ್ನ ಕಲಿಸ್ಯಾಳನ?” ಎಂದು ಚೀರಿದಳು. ಮೂರು ದಿನ ಅವಳೊಡನೆ ಮಾತು ಬಿಟ್ಟಳು. ವೈನಿ ನಮ್ಮ ಅಡುಗೆಮನೆಯಲ್ಲಿ ಕೂತು ಅತ್ತಳು.

“ನಮ್ಮೂರಾಗ ಬ್ಯಾಸಗಿಗೆ ಕುಡ್ಯಾಕ ಒಂದ ಕೊಡಾ ಸಿಕ್ಕರ ಹಬ್ಬರಿ ಅತ್ತಿ. ಸೋಸಿದ್ದನ್ನ ತಿರುಗಿ ಬಾವಿಗೆ ಬಿಡೂದು ನಾ ಎಲ್ಲಿ ನೋಡ್ಲಿ? ಬಾವ್ಯಾಗ ನೀರಿದ್ರಲ್ಲಾ?” ಎಂದು ನಮ್ಮವ್ವನ ಮುಂದೆ ಅಂದದ್ದು ನನಗೆ ನೆನಪಿದೆ.

ಸಂಜೆ ನಾನು ಆಯಿಯ ಹತ್ತಿರ ಹೋಗಿ, “ಹುಳಕ್ಕ ಪೆಟ್ಟ ಹತ್ತತೈತಿ ಅಂತಿದಿ, ವೈನಿಗೆ ಹತ್ತೂದಿಲ್ಲನ?” ಎಂದು ಕೇಳಿದೆ. ಆಗ ನಾನು ಕಾಲೇಜು ಓದುವ ಹುಡುಗ, ನ್ಯಾಯದ ಹುಮ್ಮಸ್ಸು ಬಹಳ. ಆಯಿ ನನ್ನನ್ನು ದುರುಗುಟ್ಟಿಕೊಂಡು ನೋಡಿದಳು. ಅವತ್ತು ‘ಬಘೂಯಾ’ ಅನ್ನಲಿಲ್ಲ. ಎದ್ದು ಒಳಗೆ ಹೋದಳು. ನನಗೆ ಗೊತ್ತಿರುವಂತೆ ಆ ಪ್ರಶ್ನೆಗೆ ಅವಳು ಯಾವತ್ತೂ ಉತ್ತರ ಕೊಡಲಿಲ್ಲ. ಸೊಸೆಯನ್ನು ಬೈಯುವುದನ್ನೂ ಬಿಡಲಿಲ್ಲ.

ನಾನು ಮುಂದೆ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರನಾದೆ. ಕೆಲಸಕ್ಕೆ ಸೇರಿದ ಎರಡನೆಯ ವರ್ಷವೋ ಮೂರನೆಯ ವರ್ಷವೋ, ಹೆಡ್‌ಮಾಸ್ತರರ ಕೈಕಾಲು ಹಿಡಿದು ಶಾಲೆಯ ಸೂಕ್ಷ್ಮದರ್ಶಕವನ್ನು ಒಂದು ರವಿವಾರಕ್ಕೆ ಮನೆಗೆ ತಂದೆ. ಟವೆಲ್ಲಿನಲ್ಲಿ ಸುತ್ತಿ, ಎದೆಗವಚಿಕೊಂಡು, ಎಳೆಗೂಸನ್ನು ತಂದ ಹಾಗೆ ಬಸ್ಸಿನಲ್ಲಿ ತಂದಿದ್ದೆ. ನಿಜ ಹೇಳುತ್ತೇನೆ, ನನ್ನ ಮನಸ್ಸಿನಲ್ಲಿ ಇದ್ದದ್ದು ಭಕ್ತಿಯಲ್ಲ, ಜಂಬ. ಆಯಿಗೆ ಗೊತ್ತಿಲ್ಲದ್ದನ್ನು ನಾನು ತೋರಿಸುತ್ತೇನೆ ಎನ್ನುವ ಜಂಬ.

ಬಾವಿಕಟ್ಟೆಯ ಮೇಲೆ ಬಿಸಿಲಿಗೆ ಇಟ್ಟು, ಕೆಳಗಿನ ಕನ್ನಡಿ ತಿರುಗಿಸಿ ಬೆಳಕು ಹಿಡಿದೆ. ಅರಿವೆಯಿಂದ ಬಿಂದಿಗೆಗೆ ಇಳಿದ ನೀರಿನ ಒಂದು ಹನಿ ಗಾಜಿನ ಮೇಲೆ ಹಾಕಿದೆ. ಆಯಿ ಚಷ್ಮಾ ತೆಗೆದಳು. ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ನೋಡು ಅಂದರೆ ಅವಳಿಗೆ ಬರಲಿಲ್ಲ. ಒಂದು ಮುಚ್ಚಿದರೆ ಎರಡೂ ಮುಚ್ಚುತ್ತಿದ್ದವು. ಕಡೆಗೆ ವೈನಿ ಹಿಂದಿನಿಂದ ಬಂದು ಅತ್ತೆಯ ಎಡಗಣ್ಣಿಗೆ ತನ್ನ ಅಂಗೈ ಮುಚ್ಚಿ ಹಿಡಿದಳು. ಅತ್ತೆ ಸೊಸೆ ಅಷ್ಟು ಹತ್ತಿರ ನಿಂತದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

ಆಯಿ ಬಹಳ ಹೊತ್ತು ನೋಡಿದಳು.

“ಅಡ್ಯಾಡಾಕತ್ತಾವ,” ಅಂದಳು. ಮತ್ತೆ ಸ್ವಲ್ಪ ಹೊತ್ತಿನ ಮೇಲೆ, “ಒಂದು ತಿರಗಾಕತ್ತೈತಿ ನೋಡೋ. ದಾರಿ ತಪ್ಪಿದಂಗ ತಿರಗಾಕತ್ತೈತಿ.”

ನಾನು ಅದರ ಕುಲಗೋತ್ರ ಹೇಳಲು ಬಾಯಿ ತೆರೆದೆ. ಅವಳು ಕೇಳಲಿಲ್ಲ. “ಬ್ಯಾಗ ತಗೀ, ಬಿಸಲಿಗೆ ಹನಿ ಆರತೈತಿ. ಸಾಯ್ತಾವ,” ಎಂದು ನನ್ನ ಕೈ ತಳ್ಳಿದಳು. ಗಾಜನ್ನು ತಾನೇ ತೆಗೆದು, ಬಿಂದಿಗೆಯಲ್ಲಿ ಅದ್ದಿ ತೊಳೆದು, ಎರಡೂ ಹಗ್ಗ ಹಿಡಿದು ಬಾವಿಗೆ ಇಳಿಸಿದಳು. ಆಮೇಲೆ ಕಟ್ಟೆಯ ಮೇಲೆ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳ ಕಣ್ಣಲ್ಲಿ ನೀರು ಬಂದದ್ದನ್ನು ಕಂಡು ನನಗೆ ಹೆದರಿಕೆಯಾಯಿತು. ಅರಿವೆಗೆ ಸಿಗದೆ ಕೊಡದೊಳಗೆ ಹೋದವು ಇನ್ನೆಷ್ಟೋ ಎಂದು ಲೆಕ್ಕ ಹಾಕಿ ಅಳುತ್ತಿದ್ದಾಳೋ ಅಂದುಕೊಂಡೆ.

“ಇಷ್ಟ ವರ್ಷ ಬರೇ ನಂಬಿ ಮಾಡಿದ್ನೋ ಯಾಕಪ್ಪಾ,” ಅಂದಳು. “ಒಮ್ಮೊಮ್ಮೆ ಅನಸ್ತಿತ್ತು, ನಾ ಹುಚ್ಚಿ ಏನ, ಖಾಲಿ ನೀರ ಹೊತ್ಕೊಂಡ ತಿರಗಾಕತ್ತೀನೇನ ಅಂತ. ಇಲ್ಲ, ಅವ್ರ ಅದಾರ. ನೀ ತೋರಿಸಿದಿ.”

ಅವತ್ತಿನಿಂದ ನಾನು ಅವಳ ಮನೆಯಲ್ಲಿ ದೊಡ್ಡವನಾದೆ. ನಾನು ಹೇಳಿದ್ದನ್ನೆಲ್ಲ ನಂಬುತ್ತಿದ್ದಳು. ಏಕಸಂಬಿಯ ತವರಿನಿಂದ ಯಾರಾದರೂ ಬಂದರೆ, “ಇಂವಾ ನಂಗ ಬಾವ್ಯಾಗಿನವ್ರನ್ನ ತೋರಿಸ್ಯಾನ” ಎಂದು ನನ್ನನ್ನು ಕರೆದು ಪರಿಚಯ ಮಾಡಿಸುತ್ತಿದ್ದಳು. ರೊಟ್ಟಿಯ ಮೇಲೆ ಕಾಕಂಬಿ ಸುರಿದು, ಮೂವತ್ತು ದಾಟಿದ ಮಾಸ್ತರನಿಗೆ ಹುಡುಗರಿಗೆ ಕೊಟ್ಟ ಹಾಗೆ ಸುರುಳಿ ಮಾಡಿ ಕೊಡುತ್ತಿದ್ದಳು. ನಂಬಿಸಿದವನಿಗೇ ಕತ್ತು ಕೊಯ್ಯುವುದಕ್ಕೆ ಹೆಚ್ಚು ಅನುಕೂಲ. ಅದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ.

ಊರಿಗೆ ಹೊಳೆಯಿಂದ ನಳದ ನೀರು ಬಂತು. ಒಂದೊಂದೇ ಮನೆಯವರು ಬಾವಿಗೆ ಬರುವುದನ್ನು ಬಿಟ್ಟರು. ಬಾವಿಯಲ್ಲಿ ಎಲೆ ಬಿತ್ತು, ಪ್ಲಾಸ್ಟಿಕ್ ಬಿತ್ತು. ಆಯಿ ಒಬ್ಬಳೇ ದಿನಾ ಎರಡು ಕೊಡ ಸೇದಿ, ಸೋಸಿ, ಬಿಂದಿಗೆ ಹಿಡಿದು ಬರುತ್ತಿದ್ದಳು. ಎಳೆಯುವವರಿಲ್ಲ ಎಂದು ತಳದ ಹಗ್ಗವನ್ನು ತಾನೇ ಎಳೆಯುತ್ತಿದ್ದಳು. ನನಗೆ ಪುರುಸೊತ್ತು ಎಲ್ಲಿತ್ತು? ನಾನು ಹಳೆ ಮನೆ ಕೆಡವಿ ಹೊಸ ಮನೆ ಕಟ್ಟಿಸಿದ್ದೆ. ಒಂದು ಕಾರು ತಗೊಂಡಿದ್ದೆ. ಆ ಕಾರು ನಮ್ಮ ಗೇಟಿನಲ್ಲಿ ತಿರುಗಬೇಕಾದರೆ ಬಾವಿಕಟ್ಟೆಯ ಮೂಲೆ ಅಡ್ಡ ಬರುತ್ತಿತ್ತು. ಎರಡು ಸಲ ಬಾಗಿಲಿಗೆ ಗೀರು ಬಿದ್ದಿತ್ತು. ಒಂದು ಗೀರಿನ ಸಿಟ್ಟು ಎಂಥ ದೊಡ್ಡ ಬಾವಿಯನ್ನಾದರೂ ನುಂಗಬಲ್ಲದು.

ಓಣಿಗೆ ಸಿಮೆಂಟ್ ರಸ್ತೆ ಮಂಜೂರಾಯಿತು. ಬಾವಿ ಮುಚ್ಚಿದರೆ ರಸ್ತೆ ನೇರವಾಗುತ್ತದೆ ಎಂದು ಮಾತು ಬಂತು. ಮುಚ್ಚಬೇಕಾದರೆ ಅಕ್ಕಪಕ್ಕದ ಎರಡು ಮನೆಯವರು ಬರೆದುಕೊಡಬೇಕು. ಓಣಿಯ ಮುಂದಾಳೊಬ್ಬ ಕಾಗದ ಟೈಪ್ ಮಾಡಿಸಿಕೊಂಡೇ ಬಂದ. ‘ಸದರಿ ಬಾವಿಯು ಬಳಕೆಯಲ್ಲಿ ಇರುವುದಿಲ್ಲ’ ಎಂದಿತ್ತು.

“ಆಯಿ ಬಳಸ್ತಾಳಲ್ಲೋ,” ಅಂದೆ. ಅಷ್ಟು ಅಂದೆ ಎಂದು ಇವತ್ತೂ ನನಗೆ ನಾನೇ ಸಾಕ್ಷಿ ಹೇಳಿಕೊಳ್ಳುತ್ತೇನೆ.

“ಕಾಯ್ ಹೋತ್ ನಾಹೀ ಸರ್, ಏನೂ ಆಗೂದಿಲ್ಲ. ಆಕೀ ಮಗಾನ ಸಹಿ ಮಾಡತೀನಿ ಅಂದಾನ. ಮುದುಕಿ ಒಂದ ಬಿಂದಗಿ ನೀರ ಒಯ್ಯೂದಕ್ಕ ಬಳಕಿ ಅಂತಾರನ್ರಿ? ಮಕ್ಕಳು ಮರಿ ಬಿದ್ರ ಯಾರ ಜವಾಬ್ದಾರಿ? ನೀವು ಮದ್ಲ ಮಾಡ್ರಿ, ನಿಮ್ಮ ಸಹಿ ಇದ್ರ ಯಾರೂ ಮಾತಾಡೂದಿಲ್ಲ.”

ಮಾಡಿದೆ. ಪೂರ್ತಿ ಹೆಸರು, ಕೆಳಗೆ ‘ವಿಜ್ಞಾನ ಶಿಕ್ಷಕರು’.

ಅದೇ ವಾರ ಒಂದು ಸಂಜೆ ಆಯಿ ನಮ್ಮ ಗೇಟಿಗೆ ಬಂದಳು. ಅಷ್ಟು ಹೊತ್ತಿಗೆ ಅವಳ ಊಟ ಆಗಿರುತ್ತಿತ್ತು, ಬಾಯಿ ತೊಳೆದು ಸೆರಗು ಹೊದ್ದು ಬಂದಿದ್ದಳು. ಒಳಗೆ ಬಾ ಅಂದರೆ ಬರಲಿಲ್ಲ.

“ಯಾಕಪ್ಪಾ, ಬಾವಿ ಮುಚ್ಚತಾರಂತ. ಖರೇನ?”

ನನ್ನ ಕೈಯಲ್ಲಿ ಕಾರಿನ ಚಾವಿ ಇತ್ತು. “ಇಲ್ಲ ಆಯಿ,” ಅಂದೆ. “ಮ್ಯಾಲ ಒಂದ ಜಾಳಗಿ ಹಾಕತಾರ ಅಷ್ಟ. ಹುಡುಗ್ರು ಬೀಳಬಾರದಂತ.”

“ಜಾಳಗ್ಯಾಗ ನನ್ನ ಬಿಂದಗಿ ಹಿಡಸತೈತೇನ?”

“ಹಿಡಸೂವಂಗ ಮಾಡಸ್ತೀನಿ.”

“ನೀ ಅಂದ್ರ ಮುಗೀತು,” ಎಂದು ಹೋದಳು. ಮುಖ ನೋಡಿ ಹೇಳಿದ ಸುಳ್ಳು ಬೇರೆ, ಕಾಗದದ ಮೇಲೆ ಹೇಳಿದ ಸುಳ್ಳು ಬೇರೆ. ಎರಡನ್ನೂ ಒಂದೇ ವಾರದಲ್ಲಿ ಹೇಳಿದ ಭೂಪ ನಾನು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ, ಮುಚ್ಚುವ ದಿನ ಹೆಂಡತಿಯನ್ನು ಕರೆದುಕೊಂಡು ನಿಪ್ಪಾಣಿಗೆ ಬಟ್ಟೆ ತರಲು ಹೋಗಿಬಿಟ್ಟೆ. ಅವಳ ಮಗನೂ ತಾಯಿಯನ್ನು ಏನೋ ನೆವ ಹೇಳಿ ಏಕಸಂಬಿಗೆ ಬಿಟ್ಟು ಬಂದಿದ್ದ. ನಾವಿಬ್ಬರೂ ಮಾತಾಡಿಕೊಂಡಿರಲಿಲ್ಲ. ಇಂಥ ಕೆಲಸಕ್ಕೆ ಮಾತು ಬೇಕಾಗುವುದಿಲ್ಲ.

ಮರುದಿನ ಮುಂಜಾನೆ ನಾನು ಹಲ್ಲುಜ್ಜುತ್ತಾ ಹೊರಗೆ ಬಂದಾಗ ಆಯಿ ನಿಂತಿದ್ದಳು. ಬೆಳಗಿನ ಮೊದಲ ಬಸ್ಸಿಗೆ ತವರಿನಿಂದ ತಿರುಗಿ ಬಂದಿದ್ದಳು. ಬಾವಿ ಇದ್ದಲ್ಲಿ ಕೆಂಪು ಮರಂ ಮಣ್ಣು ಹರಡಿ ಸಮ ಮಾಡಿದ್ದರು, ಮೇಲೆ ಟ್ರ್ಯಾಕ್ಟರಿನ ಗಾಲಿಯ ಗುರುತು. ಆಯಿಯ ಕೈಯಲ್ಲಿ ಬಿಂದಿಗೆ ಇತ್ತು, ಎರಡು ಹಗ್ಗವೂ ಸುತ್ತಿಕೊಂಡಿದ್ದವು. ಊರಿಗೆ ಹೋಗುವ ಮುಂಚೆ ಸೇದಿಟ್ಟಿದ್ದ ಕೊಡದ ನೀರನ್ನು ಬಂದಕೂಡಲೇ ಸೋಸಿಕೊಂಡು ಬಂದಿದ್ದಳು. ಅದರಲ್ಲಿದ್ದವರನ್ನು ಬಿಡಬೇಕಿತ್ತು.

ಬೈಯುತ್ತಾಳೆ ಎಂದು ಕಾದೆ. ಸೊಸೆಗೆ ಅಂದ ಹಾಗೆ ಓಣಿಯ ನಡುವೆ ನನಗೂ ‘ಕೊಲಿ ಮಾಡಿದಿ’ ಅಂದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ನಾಲಿಗೆಯ ಮೇಲೆ ಬೆಂಕಿ ಇಟ್ಟುಕೊಂಡಿದ್ದ ಹೆಂಗಸು ಅವತ್ತು ನನಗೆ ಒಂದು ಬೈಗುಳವನ್ನೂ ಕೊಡಲಿಲ್ಲ.

“ಒಂದ ದಿನಾ ಮದ್ಲ ಹೇಳಿದ್ರ, ನಾಕ ಕೊಡಾ ಆದ್ರೂ ಸೇದಿ ಹೊಳಿಗೆ ಒಯ್ದ ಬಿಡತಿದ್ನಿ,” ಅಂದಳು.

ನನ್ನ ಬಾಯಲ್ಲಿ ಪೇಸ್ಟಿನ ನೊರೆ ಇತ್ತು. ಮಾತಾಡದೆ ಇರಲು ಅಷ್ಟು ನೆಪ ಸಾಕಾಯಿತು. ಅವಳು ಬಿಂದಿಗೆ ಹಿಡಿದುಕೊಂಡೇ ದೂಧಗಂಗೆ ಹೊಳೆಯ ದಾರಿ ಹಿಡಿದಳು. ಆ ಬಿಂದಿಗೆಯಲ್ಲಿ ಇದ್ದವು ಬಾವಿಯ ಕಡೆಯ ಪ್ರಜೆಗಳು, ಅವಕ್ಕೆ ಹೊಳೆ ಪರದೇಶ. ಎಪ್ಪತ್ತು ದಾಟಿದವಳು ಕಬ್ಬಿನ ಗದ್ದೆಗಳ ನಡುವೆ ಎರಡು ಮೈಲಿ ನಡೆದು ಬಿಟ್ಟು ಬಂದಳು.

ಅಂದಿನಿಂದ ಅವಳು ನನ್ನನ್ನು ಯಾಕಪ್ಪ ಅನ್ನಲಿಲ್ಲ. ಮಾಸ್ತರ್ರ ಅನ್ನತೊಡಗಿದಳು. ಹೋಗ್ರಿ, ಬರ್ರಿ ಎಂದು ಬಹುವಚನ ಶುರುಮಾಡಿದಳು. ಹೊರಗಿನವರಿಗೆ ಅದು ಮರ್ಯಾದೆಯಾಗಿ ಕಂಡಿರಬೇಕು.

ಒಮ್ಮೆ ಮಾತ್ರ ಗೇಟಿನ ಹತ್ತಿರ ನಿಲ್ಲಿಸಿ ಕೇಳಿದಳು. “ಮಾಸ್ತರ್ರ, ನಳದ ನೀರ ಎಲ್ಲಿಂದ ಬರತೈತ್ರಿ?” ಹೊಳೆಯಿಂದ ಅಂದೆ. “ಹಂಗಾರ ಹೊಳಿಗೇ ಒಯ್ಬೇಕು,” ಅಂದಳು. ದಿನಾ ಒಯ್ಯತೊಡಗಿದಳು. ಮೊದಲು ನಡೆದುಕೊಂಡು, ಆಮೇಲೆ ಹೊಳೆಯ ಕಡೆ ಹೋಗುವ ಕಬ್ಬಿನ ಟ್ರ್ಯಾಕ್ಟರಿಗೆ ಕೈ ಮಾಡಿ. ಮೊಣಕಾಲು ಕೈಕೊಟ್ಟ ಮೇಲೆ ಅದೂ ಆಗಲಿಲ್ಲ. ಮೊಮ್ಮಗನಿಗೆ ಹೇಳಿದರೆ ಬೈಕಿನ ಮೇಲೆ ಒಯ್ದಂತೆ ಮಾಡಿ ಓಣಿ ತಿರುಗಿದ ಕೂಡಲೇ ಗಟಾರಕ್ಕೆ ಚೆಲ್ಲಿ ಬರುತ್ತಿದ್ದ. ಅದು ಅವಳಿಗೆ ಗೊತ್ತಾಯಿತು. ಆಗ ಅವಳೊಂದು ಉಪಾಯ ಹುಡುಕಿದಳು. ನೀರು ಕುಡಿಯುವುದನ್ನೇ ಕಡಿಮೆ ಮಾಡಿದಳು. ಕಡಿಮೆ ಕುಡಿದರೆ ಕಡಿಮೆ ಸೋಸಬೇಕು, ಕಡಿಮೆ ಸೋಸಿದರೆ ಮನೆ ಕಳೆದುಕೊಳ್ಳುವವರು ಕಡಿಮೆ. ಗೋಡೆಯ ಮೇಲೆ ಇದ್ದಿಲ ಗೆರೆ ಎಳೆಸಿದವಳ ಲೆಕ್ಕ ತಪ್ಪುವುದುಂಟೆ?

ಇದು ನನಗೆ ತಿಳಿದದ್ದು ಬಹಳ ತಡವಾಗಿ, ವೈನಿ ಹೇಳಿದ ಮೇಲೆ. ಉರಿಬಿಸಿಲಿನಲ್ಲೂ ದಿನಕ್ಕೆ ಎರಡು ಗುಟುಕಿಗೆ ಬಂದಿದ್ದಳಂತೆ. ಉರಿಮೂತ್ರ, ತಲೆಸುತ್ತು, ಕಡೆಗೊಂದು ದಿನ ಬಚ್ಚಲಲ್ಲಿ ಬಿದ್ದಳು. ಚಿಕ್ಕೋಡಿಯ ದವಾಖಾನೆಗೆ ಸೇರಿಸಿದರು. ನಾನು ನೋಡಲು ಹೋದಾಗ ಕೈಗೆ ಸಲೈನ್ ಹಚ್ಚಿದ್ದರು. ಡಾಕ್ಟರು, “ಅಜ್ಜಿ, ನೀರ ಚೊಲೋತಂಗ ಕುಡೀಬೇಕ್ರಿ, ಇಲ್ಲಾಂದ್ರ ಹೆಂಗ?” ಎಂದು ಹೇಳಿ ಹೋದರು. ಆಯಿ ಮೇಲೆ ತೂಗುತ್ತಿದ್ದ ಬಾಟಲಿಯನ್ನೇ ನೋಡುತ್ತಿದ್ದಳು.

“ಮಾಸ್ತರ್ರ, ನೀವ ಶ್ಯಾಣ್ಯಾರದೀರಿ,” ಅಂದಳು. “ಇದನ್ನ ಸೋಸ್ಯಾರೇನ್ರಿ?”

“ಸೋಸ್ಯಾರ ಆಯಿ.”

“ಸೋಸಿದ್ದನ್ನ ಎಲ್ಲಿ ಬಿಟ್ಟಾರ?”

ವೈನಿ ಬಗ್ಗಿ ಅತ್ತೆಯ ತುಟಿಗೆ ಒದ್ದೆ ಅರಿವೆ ಮುಟ್ಟಿಸಿದಳು. ಆಯಿ ಮುಖ ತಿರುಗಿಸಲಿಲ್ಲ. ಸೊಸೆಯ ಕೈ ಹಿಡಿದುಕೊಂಡಳು, ಬಿಡಲಿಲ್ಲ. ಆ ಕೈಯನ್ನು ಹಿಡಿಯಲು ಮೂವತ್ತು ವರ್ಷ ಬೇಕಾಯಿತು. ಹದಿನೈದು ದಿನಕ್ಕೆ ಹೋಗಿಬಿಟ್ಟಳು. ವಯಸ್ಸಾಗಿತ್ತು, ಎಂದಾದರೂ ಹೋಗುವವಳೇ ಎಂದು ಎಲ್ಲರೂ ಅಂದರು. ನಾನೂ ಅಂದೆ.

ಸತ್ತ ಎಮ್ಮೆ ಹತ್ತು ಸೇರು ಹಾಲು ಕೊಡುತ್ತಿತ್ತಂತೆ. ಇದ್ದಾಗ ಅವಳನ್ನು ‘ಹುಳದ ಮುದುಕಿ’ ಎಂದು ನಗುತ್ತಿದ್ದವರು ಶ್ರದ್ಧಾಂಜಲಿ ಸಭೆಯಲ್ಲಿ ಪರಿಸರವಾದಿ ಅಂದರು, ಅಹಿಂಸೆಯ ಮೂರ್ತಿ ಅಂದರು. ವೇದಿಕೆಯ ಮೇಲಿನ ಪ್ರತಿಯೊಬ್ಬರ ಮುಂದೆಯೂ ಒಂದೊಂದು ಪ್ಲಾಸ್ಟಿಕ್ ಬಾಟಲಿ ನೀರು. ಅಲ್ಲೇ ಅವಳ ಹೆಸರಿನಲ್ಲಿ ಶುದ್ಧ ನೀರಿನ ಘಟಕ ಕೂಡಿಸುವುದೆಂದು ಸಾರಿದರು. ಜಾಗ ಎಲ್ಲಿ ಎಂಬ ಪ್ರಶ್ನೆಯೇ ಬರಲಿಲ್ಲ. ಬಾವಿ ಮುಚ್ಚಿದ ಜಾಗ ಖಾಲಿ ಇತ್ತಲ್ಲ. ರಸ್ತೆಯೂ ನೇರವಾಗಿರಲಿಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಕುಸಿದೀತೆಂದು ಹೆದರಿ ಆ ಜಾಗ ಬಿಟ್ಟು ಸುತ್ತುಹಾಕಿಯೇ ರಸ್ತೆ ಹಾಕಿದ್ದರು. ನನ್ನ ಕಾರು ಈಗಲೂ ಎರಡು ಸಲ ಹಿಂದೆ ಮುಂದೆ ಮಾಡಿಯೇ ತಿರುಗುತ್ತದೆ.

ಫಲಕಕ್ಕೆ ನಾಲ್ಕು ಸಾಲು ಬೇಕೆಂದು ಮೊಮ್ಮಗ ಬಂದ. ನನ್ನ ಹಳೆಯ ವಿದ್ಯಾರ್ಥಿ, ಈಗ ಕಬ್ಬು, ದ್ರಾಕ್ಷಿ ಎಲ್ಲ ಅವನೇ ನೋಡುತ್ತಾನೆ. “ಸರ್, ಆಯಿಗೆ ನಿಮ್ಮ ಮ್ಯಾಲ ಭಾಳ ಜೀವ ಇತ್ರಿ. ನೀವ ಬರೀಬೇಕ್ರಿ,” ಅಂದ. ಎಂಟು ದಿನ ತಗೊಂಡೆ. ಬರೆದು ಹರಿದೆ. ಕಡೆಗೆ ಒಂದು ಹಾಳೆಯ ಮೇಲೆ ಎರಡು ಸಾಲು ನಿಂತವು: ‘ಇಲ್ಲಿ ಒಂದು ಬಾವಿ ಇತ್ತು. ಅದು ಬಳಕೆಯಲ್ಲಿತ್ತು.’ ಕೆಳಗೆ ನನ್ನ ಪೂರ್ತಿ ಹೆಸರು ಬರೆದು ಸಹಿ ಮಾಡಿದೆ. ಅದು ಅಂಗಿಯ ಕಿಸೆಯಲ್ಲಿರುವಾಗಲೇ ಮೊಮ್ಮಗ ಮತ್ತೆ ಬಂದ. ಗೇಟಿನಲ್ಲಿ ಬೈಕಿನ ಮೇಲೆ ಕೂತೇ ಕೈ ಚಾಚಿದ. ನಾನು ಕಿಸೆಗೆ ಕೈ ಹಾಕಿದೆ, ಹಾಗೇ ತೆಗೆದೆ. “ಕಲ್ಲಿನವ ಕಾಯಾಕತ್ತಾನ್ರಿ ಸರ್,” ಅಂದ. ಒಳಗೆ ಹೋಗಿ ಐದು ನಿಮಿಷದಲ್ಲಿ ಕರುಣೆಯ ಮೂರ್ತಿ, ಪುಣ್ಯವತಿ ಎಲ್ಲ ಬರೆದುಕೊಟ್ಟೆ. ಸುಳ್ಳು ಬರೆಯಲು ನನಗೆ ಐದು ನಿಮಿಷ ಸಾಕು.

ಉದ್ಘಾಟನೆಯ ದಿನ ಮುಂಜಾನೆ ಪೆಂಡಾಲು ಹಾಕಿದ್ದರು. ಮೊಮ್ಮಗ ಯಂತ್ರವನ್ನು ಎಲ್ಲರಿಗೂ ತೋರಿಸಿದ. ಹೊಳೆಯ ನೀರು ಒಳಗೆ ಬರುವ ಪೈಪು ಇದು, ಶುದ್ಧವಾಗಿ ಬರುವ ನಳ ಇದು. ಉಳಿದ ನೀರು ಎಲ್ಲಿಗೆ ಎಂದು ಯಾರೋ ಕೇಳಿದರು. “ವೇಸ್ಟ್ ನೀರ ಗಟಾರಕ್ಕ ಹೋಗ್ತೈತ್ರಿ,” ಎಂದು ಹಿಂದಿನ ಪೈಪು ತೋರಿಸಿದ. ಆಯಿಯ ಹಿತ್ತಾಳೆ ಬಿಂದಿಗೆಗೆ ಪಾಲಿಶ್ ಮಾಡಿಸಿ, ಹೂ ತುಂಬಿ, ಅವಳ ಫೋಟೋದ ಮುಂದೆ ಇಟ್ಟಿದ್ದರು. ತಳದ ಕೊಂಡಿ ನಿಲ್ಲಲು ಅಡ್ಡಿಯಾಗುತ್ತದೆ ಎಂದು ಕೊಯ್ಯಿಸಿದ್ದರು.

ಮೊದಲ ಲೋಟ ನೀರು ನನಗೆ ಕೊಟ್ಟರು, ಆಯಿಯ ಅಚ್ಚುಮೆಚ್ಚಿನ ಮಾಸ್ತರ ಎಂದು ಮೈಕಿನಲ್ಲಿ ಹೇಳಿ. ಫೋಟೋದವ ಸ್ವಲ್ಪ ನಗ್ರಿ ಸರ್ ಅಂದ. ಕುಡಿದೆ. ತಣ್ಣಗೆ ಚೆನ್ನಾಗಿಯೇ ಇತ್ತು.

ಗದ್ದಲವೆಲ್ಲ ಚಹಾದ ಕಡೆ ಹೋದ ಮೇಲೆ ವೈನಿ ಬಂದಳು. ಅವಳಿಗೂ ಈಗ ಕೂದಲು ನೆರೆತಿದೆ. ನಳದಿಂದ ಒಂದು ಲೋಟ ಹಿಡಿದಳು. ಸೆರಗಿನ ತುದಿಯನ್ನು ಎರಡು ಪದರು ಮಾಡಿ ಇನ್ನೊಂದು ಖಾಲಿ ಲೋಟದ ಬಾಯಿಗೆ ಹೊದಿಸಿ, ಆ ನೀರನ್ನು ಮೆಲ್ಲಗೆ ಸೋಸಿದಳು. ಕುಡಿದಳು. ಆಮೇಲೆ ಒದ್ದೆ ಸೆರಗನ್ನು ಹಿಂಡದೆ, ಹನಿ ಕೆಳಗೆ ಬೀಳದ ಹಾಗೆ ಬೊಗಸೆಯಲ್ಲಿ ಹಿಡಿದುಕೊಂಡು ಅತ್ತ ಇತ್ತ ನೋಡಿದಳು. ನಾನೊಬ್ಬನೇ ಕಂಡೆ. ಹತ್ತಿರ ಬಂದಳು.

“ಮಾಸ್ತರ್ರ, ಇದನ್ನ ಎಲ್ಲಿ ಬಿಡ್ಲಿರಿ?”

ಚುಚ್ಚಿ ಕೇಳಿದಳೋ, ಗೊತ್ತಿಲ್ಲದೆ ಕೇಳಿದಳೋ, ಮುಖದಿಂದ ತಿಳಿಯಲಿಲ್ಲ. ಆ ಯಂತ್ರದಿಂದ ಬಂದ ನೀರಿನಲ್ಲಿ ಬದುಕಿರುವುದು ಏನೂ ಇಲ್ಲ ಎಂದು ವಿಜ್ಞಾನದ ಮಾಸ್ತರನಾಗಿ ಹೇಳಬಹುದಿತ್ತು. ಅವಳು ಸೆರಗು ಹಿಡಿದುಕೊಂಡು ಕಾಯುತ್ತಿದ್ದಳು. ನಾವಿಬ್ಬರೂ ನಿಂತದ್ದು ಬಾವಿಯ ಮೇಲೆಯೇ. ನಾನು ಹೊಳೆಯ ಕಡೆಗೆ ಕೈ ತೋರಿಸಿದೆ.